ಮೊಬೈಲ್ ಹಿಡಿದು ಬಂದ ಪ್ರವಾಸಿಗೆ ಏನು ತೋರಿಸಬೇಕು: ಮಾರ್ಗದರ್ಶಿಗಳಿಗೊಂದು ಕೈಪಿಡಿ

ಇಪ್ಪತ್ತೈದು ವರ್ಷಗಳ ಹಿಂದೆ ಗುರುತಿಲ್ಲದ ಊರಿಗೆ ಬಂದಿಳಿದ ಪ್ರವಾಸಿಗರ ಕೈಯಲ್ಲಿ ಮಡಿಚಿದ ಒಂದು ಕಾಗದದ ನಕ್ಷೆ ಇರುತ್ತಿತ್ತು, ಹೆಚ್ಚೆಂದರೆ ಅಚ್ಚಾಗಿ ಒಂದೆರಡು ವರ್ಷ ಕಳೆದ ಒಂದು ಪ್ರವಾಸಿ ಪುಸ್ತಕ ಇರುತ್ತಿತ್ತು. ದಾರಿ ಯಾವುದು, ಕಟ್ಟಿಸಿದವರು ಯಾರು, ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬ ಪ್ರತಿಯೊಂದು ಪ್ರಶ್ನೆಗೂ ಅವರು ಮಾರ್ಗದರ್ಶಿಯ ಮುಖವನ್ನೇ ನೋಡಬೇಕಿತ್ತು. ಆಮೇಲೆ ಆ ಪ್ರಶ್ನೆಗಳು ಒಂದೊಂದಾಗಿ ನಮ್ಮ ಕೈಬಿಟ್ಟು ಹೋದವು. ನಾಗರಿಕರ ಬಳಕೆಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಬೇಕೆಂದೇ ಅಸ್ಪಷ್ಟಗೊಳಿಸುತ್ತಿದ್ದ ಕ್ರಮವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. 2001ರಲ್ಲಿ ವಿಕಿಪೀಡಿಯ ಆರಂಭವಾಯಿತು, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಿತು, 2007ರಲ್ಲಿ ಐಫೋನ್ ಈ ಎರಡನ್ನೂ ಜೇಬಿಗೆ ಇಳಿಸಿತು, 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ ಕೇಳಿದ ಪ್ರಶ್ನೆಗೆ ಮಾತಿನ ರೂಪದಲ್ಲೇ ಉತ್ತರ ಕೊಡತೊಡಗಿತು. ಈಗ ನಮ್ಮ ಮುಂದೆ ನಿಂತವರಲ್ಲಿ ಅರ್ಧದಷ್ಟು ಜನ ನಾವು ಬಾಯಿ ತೆರೆಯುವ ಮೊದಲೇ ಇಸವಿ, ಎತ್ತರ, ರಾಜನ ಹೆಸರು ಎಲ್ಲವನ್ನೂ ಓದಿಕೊಂಡು ಬಂದಿರುತ್ತಾರೆ.

ಇದರಿಂದ ಮಾರ್ಗದರ್ಶಿಯ ವೃತ್ತಿಯೇ ಮುಗಿಯಿತೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಾರ್ಗದರ್ಶಿಯ ಕೆಲಸದಲ್ಲಿ ದಾರಿ ತೋರುವ ಪಾಲು ಕಡಿಮೆಯಾಗಿ ಅರ್ಥ ತಿಳಿಸುವ ಪಾಲು ಹೆಚ್ಚುತ್ತಿದೆ ಎಂದು ಸಮಾಜಶಾಸ್ತ್ರಜ್ಞ ಎರಿಕ್ ಕೋಹೆನ್ 1985ರಷ್ಟು ಹಿಂದೆಯೇ ಬರೆದಿದ್ದರು. ಆಗ ಕೈಯಲ್ಲಿ ಹಿಡಿಯುವ ಮೊಬೈಲ್ ಫೋನ್‌ಗಳೇ ವಿರಳವಾಗಿದ್ದವು. ಯುರೋಪಿನ ಪ್ರಮಾಣೀಕರಣ ಸಂಸ್ಥೆ 2003ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯೂ ಮಾರ್ಗದರ್ಶಿಯೆಂದರೆ ಸಂದರ್ಶಕರು ಬಯಸಿದ ಭಾಷೆಯಲ್ಲಿ ಅವರನ್ನು ಕರೆದೊಯ್ದು, ಆ ಪ್ರದೇಶದ ಸಾಂಸ್ಕೃತಿಕ ಹಾಗೂ ನೈಸರ್ಗಿಕ ಪರಂಪರೆಯನ್ನು ಅರ್ಥೈಸಿ ಹೇಳುವ ವ್ಯಕ್ತಿ ಎನ್ನುತ್ತದೆ. ಮೊಬೈಲ್ ಕಿತ್ತುಕೊಂಡಿರುವುದು ನಾವು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ ಭಾಗವನ್ನು ಮಾತ್ರ. ಕಣ್ಣೆದುರಿಗಿದ್ದರೂ ಕಾಣದಿರುವುದನ್ನು ಕಾಣಿಸುವ ಕೆಲಸ ಮತ್ತು ಹೇಳಿದ ಮಾತಿಗೆ ಅಲ್ಲೇ ನಿಂತು ಹೊಣೆಯಾಗುವ ಕೆಲಸ ಇನ್ನೂ ನಮ್ಮ ಬಳಿಯೇ ಇವೆ. ಇವೆರಡರ ಸುತ್ತ ನಿಮ್ಮ ದಿನನಿತ್ಯದ ಕೆಲಸವನ್ನು ಹೊಸದಾಗಿ ಹೇಗೆ ಜೋಡಿಸಿಕೊಳ್ಳಬಹುದು ಎಂಬುದನ್ನು ಮುಂದೆ ಹಂತಹಂತವಾಗಿ ಬರೆದಿದ್ದೇನೆ. ಈಗಾಗಲೇ ಈ ವೃತ್ತಿಯಲ್ಲಿರುವವರಿಗೂ ಹೊಸದಾಗಿ ಕಾಲಿಡುತ್ತಿರುವವರಿಗೂ ಇದು ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ನಿಮ್ಮದೇ ತಾಣವನ್ನು ಪ್ರವಾಸಿಯಾಗಿ ನೋಡಿ

ಕೆಲಸವಿಲ್ಲದ ಒಂದು ದಿನ, ಗುರುತಿನ ಚೀಟಿಯನ್ನು ಮನೆಯಲ್ಲೇ ಬಿಟ್ಟು, ನೀವು ನೂರಾರು ಬಾರಿ ಓಡಾಡಿದ ತಾಣಕ್ಕೆ ಮೊಬೈಲ್ ಒಂದನ್ನೇ ನಂಬಿಕೊಂಡು ಹೋಗಿ. ಪ್ರವೇಶದ್ವಾರದಿಂದಲೇ ಶುರುಮಾಡಿ. ಪ್ರವಾಸಿಗರು ನಿಮ್ಮನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನೆಲ್ಲ ಮೊಬೈಲನ್ನು ಕೇಳುತ್ತ ಹೋಗಿ: ನಕ್ಷೆಯಲ್ಲಿ ಹುಡುಕಿ, ವಿಶ್ವಕೋಶದ ಪುಟವನ್ನು ಓದಿ, ಧ್ವನಿ ಮಾರ್ಗದರ್ಶಿ ಇದ್ದರೆ ಕೇಳಿ, ಕೃತಕ ಬುದ್ಧಿಮತ್ತೆಯ ಸಹಾಯಕನಿಗೆ ಕಂಬವೊಂದರ ಚಿತ್ರ ತೋರಿಸಿ ಅದೇನೆಂದು ಕೇಳಿ. ನಿಮಗೆ ಉತ್ತರ ಗೊತ್ತಿರುವುದರಿಂದ ಅವಸರದಲ್ಲಿ ಓದಿ ಮುಂದೆ ಸಾಗಬೇಡಿ. ಏನೂ ಗೊತ್ತಿಲ್ಲದವರು ಓದುವ ಹಾಗೆ ಓದಿ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬಸಾಲು ಎಳೆದುಕೊಳ್ಳಿ. ಮೊದಲನೆಯದರಲ್ಲಿ ಮೊಬೈಲ್ ಸರಿಯಾಗಿ ಹೇಳಿದ್ದನ್ನೂ ಎರಡನೆಯದರಲ್ಲಿ ತಪ್ಪಾಗಿ ಹೇಳಿದ್ದನ್ನೂ ಮೂರನೆಯದರಲ್ಲಿ ಅದು ಏನನ್ನೂ ಹೇಳದೆ ಹೋದದ್ದನ್ನೂ ಬರೆಯಿರಿ. ಮೊದಲ ಸಾಲು ನೀವು ಎಣಿಸಿದ್ದಕ್ಕಿಂತ ಉದ್ದವಾಗುತ್ತದೆ, ಅದನ್ನು ಕಂಡು ಎದೆಗುಂದಬೇಡಿ. ಇಸವಿ, ಅಳತೆ, ವಂಶಾವಳಿ, ಟಿಕೆಟ್ ದರ ಇವೆಲ್ಲ ಅಲ್ಲಿಗೆ ಸೇರುತ್ತವೆ. ಎರಡನೆಯ ಸಾಲಿಗೆ ಒಂದೇ ಹೆಸರಿನ ಇಬ್ಬರು ಅರಸರನ್ನು ಒಬ್ಬರನ್ನಾಗಿ ಮಾಡಿದ ವಾಕ್ಯ, ಬದಲಾಗಿ ಹೋದ ವೇಳಾಪಟ್ಟಿ, ಬೇರೊಂದು ಕಟ್ಟಡದ ಚಿತ್ರ ಮುಂತಾದವು ಬರುತ್ತವೆ. ನಕ್ಷೆಯ ನೀಲಿ ಚುಕ್ಕಿಯ ತಪ್ಪನ್ನೂ ಅಲ್ಲೇ ಗುರುತಿಸಿ. ತೆರೆದ ಆಕಾಶದಡಿಯಲ್ಲಿ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ವ್ಯಾಪ್ತಿಯೊಳಗೆ ಜಾಗ ಹೇಳಬಲ್ಲದು. ಎತ್ತರದ ಗೋಡೆ, ಮರ, ಕಮಾನುಗಳ ಬಳಿ ಆ ವ್ಯಾಪ್ತಿ ಇನ್ನೂ ಹಿಗ್ಗುತ್ತದೆ. ಹಾಗಾಗಿ ಅಕ್ಕಪಕ್ಕದಲ್ಲಿರುವ ಎರಡು ಕಂಬಗಳಲ್ಲಿ ನೀವು ಯಾವುದರ ಮುಂದೆ ನಿಂತಿದ್ದೀರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಮೂರನೆಯ ಸಾಲೇ ನಿಮ್ಮ ನಿಜವಾದ ಆಸ್ತಿ. ಯಾವ ಮೂಲೆಯಿಂದ ನೋಡಿದರೆ ಗೋಡೆಯ ಎರಡು ಕಾಲದ ಕಟ್ಟಡ ಬೇರೆಬೇರೆಯಾಗಿ ಕಾಣುತ್ತದೆ, ಮಳೆನೀರು ಯಾವ ಕಿಂಡಿಯಿಂದ ಹೊರಗೆ ಹೋಗುತ್ತದೆ, ಮೆಟ್ಟಿಲುಗಳು ಒಂದೇ ಬದಿಯಲ್ಲಿ ಏಕೆ ಸವೆದಿವೆ, ಎಷ್ಟು ಗಂಟೆಗೆ ಬಿಸಿಲು ಒಳಗಿನ ಶಿಲ್ಪದ ಮೇಲೆ ಬೀಳುತ್ತದೆ, ಯಾವ ಕಲ್ಲು ಇತ್ತೀಚಿನ ದುರಸ್ತಿಯದು ಎಂಬಂಥವು ಅಲ್ಲಿರಬೇಕು. ಮೊದಲ ದಿನ ಈ ಸಾಲಿನಲ್ಲಿ ನಾಲ್ಕೇ ಅಂಶಗಳಿದ್ದರೆ, ಇಷ್ಟು ದಿನ ನೀವೂ ಆ ತಾಣವನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಓದಿದ್ದನ್ನೇ ಹೇಳುತ್ತಿದ್ದೀರಿ ಎಂದಾಯಿತು. ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದು ಆರು.

ಎರಡನೆಯ ಹೆಜ್ಜೆ: ವಿವರಣೆಯನ್ನು ಕಣ್ಣಿನ ಸುತ್ತ ಕಟ್ಟಿ

ನಮ್ಮಲ್ಲಿ ಹೆಚ್ಚಿನವರ ವಿವರಣೆ ಇಸವಿಯಿಂದ ಶುರುವಾಗುತ್ತದೆ. ತಂಡ ಅರ್ಧವೃತ್ತದಲ್ಲಿ ನಿಲ್ಲುತ್ತದೆ, ನಾವು ಕಟ್ಟಡಕ್ಕೆ ಬೆನ್ನು ಹಾಕಿ ಅವರ ಮುಖ ನೋಡುತ್ತ ಹತ್ತು ನಿಮಿಷ ಮಾತಾಡುತ್ತೇವೆ, ಕೊನೆಯಲ್ಲಿ "ಈಗ ನೋಡಿ" ಎನ್ನುತ್ತೇವೆ. ಈ ಕ್ರಮವನ್ನು ತಿರುಗಿಸಿ. ಮೊದಲು ತೋರಿಸಿ, ನಂತರ ಪ್ರಶ್ನೆ ಕೇಳಿ, ಆಮೇಲೆ ಹೇಳಿ. ಇಸವಿ ಬೇಕಾದರೆ ಕೊನೆಗೆ ಬರಲಿ, ಬರದಿದ್ದರೂ ನಷ್ಟವಿಲ್ಲ.

ಸವೆದ ಶಾಸನದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಧ್ಯಾಹ್ನದ ಬೆಳಕಿನಲ್ಲಿ ಅದು ಪ್ರವಾಸಿಗರಿಗೆ ಒರಟು ಕಲ್ಲಿನ ಹಾಗೆ ಕಾಣುತ್ತದೆ, ಅವರು ಒಂದು ಫೋಟೊ ತೆಗೆದು ಮುಂದೆ ಹೊರಡುತ್ತಾರೆ. ಅಲ್ಲಿ ಅವರನ್ನು ತಡೆದು, ಇಬ್ಬರನ್ನು ನೆರಳಿಗಾಗಿ ಹತ್ತಿರ ನಿಲ್ಲಿಸಿ, ಒಂದು ಚಿಕ್ಕ ಎಲ್ಇಡಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಮೇಲ್ಮೈಯನ್ನು ಸವರಿದ ಹಾಗೆ ಬೆಳಕು ಬಿಡಿ. ಎದುರಿನಿಂದ ಬಿದ್ದ ಬೆಳಕು ಅಕ್ಷರದ ಗೀರನ್ನೂ ಸುತ್ತಲಿನ ಕಲ್ಲನ್ನೂ ಒಂದೇ ಸಮನೆ ಬೆಳಗುತ್ತದೆ. ಪಕ್ಕದಿಂದ ಬಿದ್ದ ಬೆಳಕು ಗೀರಿನ ಒಂದು ಅಂಚಿನಲ್ಲಿ ನೆರಳು ಮೂಡಿಸುತ್ತದೆ. ಒಂದು ಸಾಲು ಏಳುತ್ತದೆ, ಅದರ ಕೆಳಗೆ ಇನ್ನೊಂದು. ಟಾರ್ಚನ್ನು ಮೇಲಿನಿಂದ ಪಕ್ಕಕ್ಕೆ ಸರಿಸಿದರೆ ಅಡ್ಡಗೀರುಗಳು ಮಾಯವಾಗಿ ಲಂಬ ಗೀರುಗಳು ಎದ್ದು ಬರುತ್ತವೆ. ನಾನು ಇದನ್ನು ಮಾಡಿದಾಗಲೆಲ್ಲ ತಂಡದಲ್ಲಿ ಯಾರಾದರೊಬ್ಬರು ತಾವಾಗಿಯೇ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಒಂದು ಅಕ್ಷರವನ್ನು ಹಿಂಬಾಲಿಸುತ್ತಾರೆ. ಆ ಗಳಿಗೆಯಲ್ಲಿ "ಇದನ್ನು ಕೆತ್ತಿದವನು ಎಡದಿಂದ ಬಲಕ್ಕೆ ಹೋಗುತ್ತ ಸಾಲಿನ ಕೊನೆಗೆ ಜಾಗ ಸಾಲದೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆದಿದ್ದಾನೆ, ಕಂಡಿತೇ?" ಎಂದು ಕೇಳಿದರೆ, ಶತಮಾನಗಳ ಹಿಂದಿನ ಒಬ್ಬ ಕುಶಲಕರ್ಮಿ ಅವರ ಪಕ್ಕದಲ್ಲೇ ಬಂದು ನಿಲ್ಲುತ್ತಾನೆ. ಇದಕ್ಕೆ ತಾಣದ ಮೇಲ್ವಿಚಾರಕರ ಅನುಮತಿಯನ್ನು ಮೊದಲೇ ಪಡೆಯಿರಿ. ಕಲ್ಲನ್ನು ಮುಟ್ಟುವುದು, ಅಕ್ಷರ ಕಾಣಲೆಂದು ಸೀಮೆಸುಣ್ಣ ಅಥವಾ ಪುಡಿ ಬಳಿಯುವುದು, ನೀರು ಎರಚುವುದು ಎಂದಿಗೂ ಬೇಡ. ವರ್ಣಚಿತ್ರಗಳಿರುವಲ್ಲಿ ಟಾರ್ಚ್ ತೆಗೆಯುವುದೂ ಬೇಡ.

ಪ್ರತಿಯೊಂದು ನಿಲುಗಡೆಯಲ್ಲೂ ಇಂಥ ಒಂದೇ ಒಂದು ಸಂಗತಿ ಸಾಕು. ಎರಡು ಗಂಟೆಯ ಸುತ್ತಾಟದಲ್ಲಿ ಇಪ್ಪತ್ತು ಕಡೆ ನಿಲ್ಲುವ ಅಭ್ಯಾಸವಿದ್ದರೆ ಅದನ್ನು ಎಂಟಕ್ಕೆ ಇಳಿಸಿ. ಕಡಿಮೆ ತೋರಿಸಿದರೆಂದು ಪ್ರವಾಸಿಗರು ದೂರುವುದು ನನ್ನ ಅನುಭವದಲ್ಲಿ ಬಲು ಅಪರೂಪ. ಕಾಲು ನೋವು, ಕೇಳಿಸಲಿಲ್ಲ, ಅವಸರ ಮಾಡಿದರು ಎಂಬ ದೂರುಗಳೇ ಹೆಚ್ಚು.

ಯಂತ್ರದ ಧ್ವನಿ ನಮಗೆ ಹೊಸ ಎದುರಾಳಿಯೇನೂ ಅಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರು ಕಿವಿಗೆ ಸಾಧನ ಹಾಕಿಕೊಂಡು ಧ್ವನಿಮುದ್ರಿತ ವಿವರಣೆ ಕೇಳುತ್ತ ನಡೆಯುವ ಏರ್ಪಾಡು 1952ರಲ್ಲೇ ಇತ್ತು. ಧ್ವನಿಮುದ್ರಿಕೆ ಬಂದವರಿಗೆಲ್ಲ ಒಂದೇ ಪಾಠ ಹೇಳುತ್ತದೆ. ಮಗು ಆಕಳಿಸುವುದು, ವಯಸ್ಸಾದವರು ಕುಳಿತುಕೊಳ್ಳಲು ಕಟ್ಟೆ ಹುಡುಕುವುದು, ಒಬ್ಬರ ಕಣ್ಣು ಛಾವಣಿಯ ಒಂದು ಮೂಲೆಯಲ್ಲೇ ನೆಟ್ಟಿರುವುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ನಿಮ್ಮ ವಿವರಣೆಯ ಪ್ರತಿಯೊಂದು ಭಾಗಕ್ಕೂ ಎರಡು ಅಳತೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ: ಎರಡು ನಿಮಿಷದ್ದು ಒಂದು, ಎಂಟು ನಿಮಿಷದ್ದು ಒಂದು. ಯಾವುದನ್ನು ಹೇಳಬೇಕೆಂದು ಅವರ ಮುಖಗಳೇ ತಿಳಿಸುತ್ತವೆ.

ಮೂರನೆಯ ಹೆಜ್ಜೆ: ಪ್ರತಿ ಮಾತಿನ ಮೂಲವನ್ನು ಬರೆದಿಡಿ

ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸನ್ನು ಸುತ್ತಿದ ಪೌಸಾನಿಯಸ್ ಎಂಬ ಪ್ರವಾಸಿ ಆರ್ಗೋಸ್ ನಗರದ ಮಾರ್ಗದರ್ಶಿಗಳ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ. ತಾವು ಹೇಳುವ ಕಥೆಗಳೆಲ್ಲ ನಿಜವಲ್ಲವೆಂದು ಅವರಿಗೇ ಗೊತ್ತಿದೆ, ಆದರೂ ಹೇಳುತ್ತಾರೆ, ಏಕೆಂದರೆ ಜನರ ನಂಬಿಕೆಯನ್ನು ಬದಲಿಸುವುದು ಸುಲಭವಲ್ಲ ಎಂಬುದು ಅದರ ಸಾರ. ಹದಿನೆಂಟು ಶತಮಾನಗಳ ಬಳಿಕವೂ ಆ ಮಾತು ನಮಗೆ ಚುಚ್ಚುತ್ತದೆ. ಅಂದಿನ ಕೇಳುಗರಿಗೆ ಪರೀಕ್ಷಿಸುವ ದಾರಿಯಿರಲಿಲ್ಲ, ಇಂದಿನವರು ನೀವು ವಾಕ್ಯ ಮುಗಿಸುವುದರೊಳಗೆ ಹುಡುಕಿ ನೋಡುತ್ತಾರೆ.

ನಿಮ್ಮ ವಿವರಣೆಯಲ್ಲಿ ಬರುವ ಪ್ರತಿಯೊಂದು ಹೇಳಿಕೆಯನ್ನೂ ಒಂದು ಪುಸ್ತಕದಲ್ಲಿ ಬರೆದು, ಅದರ ಮುಂದೆ ನಾಲ್ಕರಲ್ಲಿ ಒಂದು ಗುರುತು ಹಾಕಿ. ಶಾಸನ, ದಾಖಲೆ, ಉತ್ಖನನ ಇಂಥ ನೇರ ಆಧಾರವಿದ್ದರೆ ಒಂದು ಗುರುತು. ಆಧಾರಗಳಿಂದ ವಿದ್ವಾಂಸರು ಊಹಿಸಿದ್ದಾದರೆ ಇನ್ನೊಂದು. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದ್ದರೆ ಮೂರನೆಯದು. ಜನಪದ ಕಥೆ, ಐತಿಹ್ಯವಾದರೆ ನಾಲ್ಕನೆಯದು. ಎಲ್ಲಿ ಓದಿದಿರಿ, ಯಾವ ಪುಟ, ಯಾವ ವರ್ಷದ ಮುದ್ರಣ ಎಂಬುದನ್ನೂ ಸೇರಿಸಿ. ಹಿರಿಯ ಮಾರ್ಗದರ್ಶಿಯೊಬ್ಬರ ಬಾಯಿಂದ ಕೇಳಿದ್ದಾದರೆ ಹಾಗೆಂದೇ ಬರೆಯಿರಿ. ಈ ಕೆಲಸಕ್ಕೆ ವಾರಗಳೇ ಹಿಡಿಯುತ್ತವೆ, ನಡುವೆ ಬೇಸರವೂ ಬರುತ್ತದೆ. ಆದರೆ ಇಷ್ಟು ಕಾಲ ದೃಢವಾಗಿ ಹೇಳುತ್ತಿದ್ದ ಎಷ್ಟೋ ಮಾತುಗಳಿಗೆ ಯಾವ ಆಧಾರವೂ ಸಿಗದೆ ಹೋದಾಗ ಆಗುವ ಮುಜುಗರವನ್ನು ಮನೆಯಲ್ಲಿ ಕುಳಿತು ಅನುಭವಿಸುವುದೇ ಮೇಲು.

ಐತಿಹ್ಯವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ, ಅದಿಲ್ಲದ ತಾಣ ಬರಡಾಗುತ್ತದೆ. "ಇಲ್ಲಿನ ಜನ ತಲೆತಲಾಂತರದಿಂದ ಹೀಗೆ ಹೇಳಿಕೊಂಡು ಬಂದಿದ್ದಾರೆ" ಎಂದು ಪೀಠಿಕೆ ಹಾಕಿ ಹೇಳಿ, ಆಮೇಲೆ ಈ ಕಥೆ ಏಕೆ ಹುಟ್ಟಿರಬಹುದೆಂದು ತಂಡವನ್ನೇ ಕೇಳಿ. ಒಳ್ಳೆಯ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ.

ಕೃತಕ ಬುದ್ಧಿಮತ್ತೆಯ ಸಹಾಯದಿಂದ ವಿವರಣೆ ಸಿದ್ಧಪಡಿಸುವವರು ಒಂದು ವಿಷಯವನ್ನು ಗಟ್ಟಿಯಾಗಿ ನೆನಪಿಡಬೇಕು. ಈ ವ್ಯವಸ್ಥೆಗಳು ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಆದ್ದರಿಂದ ಇಲ್ಲದ ಶಾಸನ, ಬರೆಯದ ಪುಸ್ತಕ, ನಡೆಯದ ಯುದ್ಧ ಕೂಡ ಅದೇ ನಿರರ್ಗಳ ಶೈಲಿಯಲ್ಲಿ ಬಂದುಬಿಡಬಹುದು. ಹೆಚ್ಚು ಬರವಣಿಗೆ ಇಲ್ಲದ ಸಣ್ಣ ತಾಣಗಳ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದು ಕೊಟ್ಟ ಪ್ರತಿಯೊಂದು ಸಂಗತಿಗೂ ಮೂಲ ಕೇಳಿ, ಆ ಮೂಲವನ್ನು ನೀವೇ ತೆರೆದು ಓದಿ, ಮೂಲದಲ್ಲಿ ಆ ಮಾತು ಇದ್ದರೆ ಮಾತ್ರ ಪುಸ್ತಕಕ್ಕೆ ಇಳಿಸಿ. ಮೂಲ ಸಿಗದಿದ್ದರೆ ಆ ಸಂಗತಿ ಎಷ್ಟೇ ಆಕರ್ಷಕವಾಗಿದ್ದರೂ ಬಿಟ್ಟುಬಿಡಿ. ಅಭ್ಯಾಸದ ಜೊತೆಗಾರನಾಗಿ ಮಾತ್ರ ಇದು ಬಹಳ ಉಪಯುಕ್ತ. "ಹತ್ತು ವರ್ಷದ ಮಗುವಿನ ಹಾಗೆ ನನ್ನನ್ನು ಪ್ರಶ್ನಿಸು" ಎಂದೋ "ಈ ವಿವರಣೆಯಲ್ಲಿ ಅರ್ಥವಾಗದ ಪದಗಳನ್ನು ಗುರುತಿಸು" ಎಂದೋ ಕೇಳಿ ನೋಡಿ.

ನಾಲ್ಕನೆಯ ಹೆಜ್ಜೆ: "ಇದರಲ್ಲಿ ಬೇರೆ ಇದೆಯಲ್ಲ" ಎಂದಾಗ

ಮಾತಿನ ನಡುವೆ ಒಬ್ಬ ವಿದ್ಯಾರ್ಥಿನಿ ಮೊಬೈಲ್ ಎತ್ತಿ ಹಿಡಿದು, "ಸರ್, ಇದರಲ್ಲಿ ಬೇರೆ ಇಸವಿ ಇದೆಯಲ್ಲ?" ಎನ್ನುತ್ತಾಳೆ. ಉಳಿದವರೆಲ್ಲ ನಿಮ್ಮ ಕಡೆ ತಿರುಗುತ್ತಾರೆ. ಮಾರ್ಗದರ್ಶಿಯ ಮೇಲಿನ ನಂಬಿಕೆ ಗಟ್ಟಿಯಾಗುವುದೂ ಒಡೆದುಹೋಗುವುದೂ ಇಂಥ ಅರ್ಧ ನಿಮಿಷದಲ್ಲೇ. ಹಳೆಯ ಕಾಲದ ಅಭ್ಯಾಸದಂತೆ "ಅದರಲ್ಲಿರುವುದೆಲ್ಲ ಸುಳ್ಳು, ನಾನು ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ" ಎಂದರೆ ಆಕೆ ಮೊಬೈಲ್ ಇಳಿಸುತ್ತಾಳೆ, ಆಮೇಲೆ ಆ ತಂಡದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

"ತೋರಿಸಿ, ಒಟ್ಟಿಗೆ ನೋಡೋಣ" ಎಂದು ಹೇಳಿ ಅವರ ಪಕ್ಕಕ್ಕೆ ಹೋಗಿ ನಿಲ್ಲಿ. ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ. ನಂತರ ಆ ಇಸವಿ ಯಾವುದರದು ಎಂದು ಕೇಳಿ. ಬಹಳಷ್ಟು ಸಲ ಎರಡೂ ಇಸವಿಗಳು ಸರಿಯಾಗಿಯೇ ಇರುತ್ತವೆ, ಅವು ಬೇರೆಬೇರೆ ಸಂಗತಿಗಳನ್ನು ಹೇಳುತ್ತಿರುತ್ತವೆ. ಜರ್ಮನಿಯ ಕಲೋನ್ ಕ್ಯಾಥೆಡ್ರಲ್ ಯಾವಾಗಿನದು ಎಂಬ ಪ್ರಶ್ನೆಗೆ 1248 ಎಂದೂ ಉತ್ತರಿಸಬಹುದು, 1880 ಎಂದೂ ಉತ್ತರಿಸಬಹುದು. ಮೊದಲನೆಯದು ಅಡಿಗಲ್ಲಿನ ವರ್ಷ, ಎರಡನೆಯದು ಕೆಲಸ ಮುಗಿದ ವರ್ಷ. ನಡುವೆ 16ನೇ ಶತಮಾನದಲ್ಲಿ ನಿಂತುಹೋದ ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ. ಒಂದೇ ಇಸವಿ ಹೇಳಿ ಮುಗಿಸುವುದಕ್ಕಿಂತ, ಒಂದು ಕಟ್ಟಡ ಮುನ್ನೂರು ವರ್ಷ ಅರ್ಧಕ್ಕೇ ನಿಂತಿತ್ತೆಂದು ತಿಳಿದಾಗ ಕೇಳುವವರ ಕುತೂಹಲ ಎಷ್ಟು ಏರುತ್ತದೆ ಯೋಚಿಸಿ. ಮೊಬೈಲಿನ ಆಕ್ಷೇಪಣೆಯೇ ನಿಮಗೆ ಹೊಸ ದಾರಿ ತೆರೆದುಕೊಡುತ್ತದೆ. ಆಳ್ವಿಕೆ ಆರಂಭ ಮತ್ತು ಪಟ್ಟಾಭಿಷೇಕದ ನಡುವಿನ ಅಂತರ, ಹಳೆಯ ಕಾಲಗಣನೆಯಿಂದ ಕ್ರಿಸ್ತಶಕಕ್ಕೆ ತಿರುಗಿಸುವಾಗ ಬರುವ ಒಂದು ವರ್ಷದ ವ್ಯತ್ಯಾಸ, ಮೂಲ ಕಟ್ಟಡ ಮತ್ತು ಜೀರ್ಣೋದ್ಧಾರ ಇವೂ ಗೊಂದಲಕ್ಕೆ ಸಾಮಾನ್ಯ ಕಾರಣಗಳು. ನಿಮ್ಮ ತಾಣದಲ್ಲಿ ಇಂಥ ಗೊಂದಲ ಎಲ್ಲೆಲ್ಲಿ ಏಳಬಹುದೆಂದು ಮೊದಲ ಹೆಜ್ಜೆಯ ಎರಡನೆಯ ಸಾಲಿನಿಂದಲೇ ಗೊತ್ತಾಗುತ್ತದೆ.

ನಿಮ್ಮದೇ ತಪ್ಪೆಂದು ಕಂಡರೆ ಅಲ್ಲೇ, ಎಲ್ಲರ ಎದುರಿಗೆ ಒಪ್ಪಿಕೊಳ್ಳಿ. ಖಚಿತವಾಗದಿದ್ದರೆ ಸಂಜೆಯೊಳಗೆ ನೋಡಿ ತಿಳಿಸುವುದಾಗಿ ಹೇಳಿ, ಹೇಳಿದಂತೆ ತಿಳಿಸಿ. ಈ ಕೊನೆಯ ಮಾತನ್ನು ಉಳಿಸಿಕೊಳ್ಳುವವರು ಕಡಿಮೆ. ರಾತ್ರಿ ಎಂಟಕ್ಕೆ ಬಂದ ಮೂರು ಸಾಲಿನ ಸಂದೇಶವನ್ನು ಪ್ರವಾಸಿಗರು ವರ್ಷಗಟ್ಟಲೆ ನೆನಪಿಟ್ಟುಕೊಂಡದ್ದನ್ನು ಕಂಡಿದ್ದೇನೆ.

ಐದನೆಯ ಹೆಜ್ಜೆ: ಉಪಕರಣಗಳನ್ನು ಆರಿಸಿಕೊಳ್ಳಿ

ಇಲ್ಲಿ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಬಿಸಿಲಿನಲ್ಲೂ ಓದಬಲ್ಲ ಪರದೆಯ ಒಂದು ಟ್ಯಾಬ್ಲೆಟ್, ಪವರ್ ಬ್ಯಾಂಕ್, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವಂತೆ ಮೊದಲೇ ಡೌನ್‌ಲೋಡ್ ಮಾಡಿದ ನಕ್ಷೆ ಇಷ್ಟಿದ್ದರೆ ಕೆಲಸ ಸಾಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಇರಬೇಕಾದ ಮುಖ್ಯ ವಸ್ತು ಹಳೆಯ ಛಾಯಾಚಿತ್ರ. ಛಾಯಾಗ್ರಹಣ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ. ಹಾಗಾಗಿ ಅನೇಕ ತಾಣಗಳಿಗೆ ನೂರು, ನೂರೈವತ್ತು ವರ್ಷ ಹಿಂದಿನ ಚಿತ್ರಗಳು ಪತ್ರಾಗಾರ, ಗ್ರಂಥಾಲಯಗಳ ಡಿಜಿಟಲ್ ಸಂಗ್ರಹಗಳಲ್ಲಿ ಸಿಗುತ್ತವೆ. ಆ ಛಾಯಾಗ್ರಾಹಕ ನಿಂತಿದ್ದ ಜಾಗವನ್ನೇ ಹುಡುಕಿ, ತಂಡವನ್ನು ಅಲ್ಲಿ ನಿಲ್ಲಿಸಿ, ಚಿತ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಯಾವ ಗೋಡೆ ಬಿದ್ದಿದೆ, ಯಾವ ಮರ ಬೆಳೆದಿದೆ ಎಂದು ಅವರೇ ಕೂಗಿ ಹೇಳುತ್ತಾರೆ. ಚಿತ್ರದ ಹಕ್ಕುಗಳ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ.

ದೊಡ್ಡ ತಂಡವಾದರೆ ನಿಮ್ಮ ಕೊರಳಿಗೆ ಮೈಕು, ಅವರ ಕಿವಿಗೆ ಚಿಕ್ಕ ಗ್ರಾಹಕ ಇರುವ ನಿಸ್ತಂತು ವ್ಯವಸ್ಥೆ ಒಳ್ಳೆಯದು. ಇದು ಗಂಟಲನ್ನೂ ಉಳಿಸುತ್ತದೆ, ಪಕ್ಕದ ತಂಡಕ್ಕೂ ತೊಂದರೆ ಕೊಡುವುದಿಲ್ಲ. ಆದರೆ ಧ್ವನಿ ಕೇಳಿಸುತ್ತಿದೆಯೆಂದು ಜನ ದೂರ ಸರಿಯುತ್ತಾರೆ, ಆದ್ದರಿಂದ ಮಾತಿಗೆ ಮೊದಲು ತಲೆ ಎಣಿಸಿ. ಅನುವಾದದ ಆ್ಯಪ್‌ಗಳನ್ನು ಔಷಧಿ, ಅಲರ್ಜಿ, ಶೌಚಾಲಯ, ಹಿಂತಿರುಗುವ ವೇಳೆ ಇಂಥ ತುರ್ತು ಮಾತಿಗೆ ಬಳಸಿ. ಇಡೀ ವಿವರಣೆಯನ್ನು ಅವುಗಳ ಮೂಲಕ ಹೇಳಲು ಹೋದರೆ ಪ್ರತಿ ವಾಕ್ಯಕ್ಕೂ ಕಾಯಬೇಕಾಗಿ ಕೇಳುವವರ ಆಸಕ್ತಿ ಬತ್ತುತ್ತದೆ. ಕ್ಯೂಆರ್ ಕೋಡ್ ಇಟ್ಟುಕೊಳ್ಳುವವರು ಅದನ್ನು ಗೋಡೆಗೆ ಅಂಟಿಸದೆ ತಮ್ಮದೇ ಕಾರ್ಡಿನಲ್ಲಿ ಮುದ್ರಿಸಿಕೊಳ್ಳಲಿ.

ಮೊಬೈಲ್ ಕೆಳಗಿಡಿ ಎಂದು ಆರಂಭದಲ್ಲೇ ಆಜ್ಞೆ ಮಾಡಬೇಡಿ. ಫೋಟೊಗೆ ಮೊದಲ ಮೂರು ನಿಮಿಷ ಕೊಟ್ಟು, "ಈಗ ಐದು ನಿಮಿಷ ಕಣ್ಣಿನಿಂದ ನೋಡೋಣ" ಎಂದರೆ ಹೆಚ್ಚಿನವರು ಸಂತೋಷದಿಂದ ಜೇಬಿಗೆ ಹಾಕುತ್ತಾರೆ.

ಆರನೆಯ ಹೆಜ್ಜೆ: ಹಿಂದಿನ ದಿನ ಮತ್ತು ಮರುದಿನ

ಹಿಂದಿನ ಸಂಜೆ ಕಳಿಸುವ ಸಂದೇಶದಲ್ಲಿ ಸೇರುವ ಜಾಗದ ನಕ್ಷೆಯ ಗುರುತು, ಆ ಜಾಗದ ಒಂದು ಫೋಟೊ, ಮಾತಿನಲ್ಲಿ ಬರೆದ ದಾರಿ ಈ ಮೂರೂ ಇರಲಿ. ನಕ್ಷೆಯ ಗುರುತು ಕೆಲವೊಮ್ಮೆ ಹಿಂಬಾಗಿಲಿಗೆ ಕರೆದೊಯ್ಯುತ್ತದೆ. ಎಷ್ಟು ಮೆಟ್ಟಿಲುಗಳಿವೆ, ನೆರಳು ಎಲ್ಲಿದೆ, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಇದು ಯಾವ ಆ್ಯಪಿನಲ್ಲೂ ನಂಬಿಕೆಗೆ ತಕ್ಕಂತೆ ಸಿಗುವುದಿಲ್ಲ. ಮೊಬೈಲ್ ಬಳಸಲಾರದ ಹಿರಿಯರು, ಕಣ್ಣು ಕಾಣದವರು, ಕಿವಿ ಮಂದವಾದವರು ತಂಡದಲ್ಲಿದ್ದಾರೆಯೇ ಎಂದು ಕೇಳಿ. ಎಲ್ಲವೂ ಪರದೆಯ ಮೇಲೆ ಬಂದಿರುವ ಈ ಕಾಲದಲ್ಲಿ ಅವರಿಗೆ ನಮ್ಮ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ, ಇದನ್ನು ನಾನು ಮನಸಾರೆ ನಂಬುತ್ತೇನೆ. ಕಣ್ಣು ಕಾಣದವರೊಬ್ಬರಿಗೆ ಒಂದು ಅಂಗಳದ ಅಗಲವನ್ನು ಹೆಜ್ಜೆಗಳಲ್ಲಿ ಎಣಿಸಿ, ಕಂಬದ ದಪ್ಪವನ್ನು ಅವರ ತೋಳುಗಳ ಅಳತೆಯಲ್ಲಿ ವಿವರಿಸಿ ನೋಡಿ. ಉಳಿದ ತಂಡವೂ ಆ ದಿನ ಹೆಚ್ಚು ಗಮನವಿಟ್ಟು ಕೇಳುತ್ತದೆ.

ಮರುದಿನ ಓದಿಗೆ ಮೂರೇ ಕೊಂಡಿಗಳನ್ನು ಕಳಿಸಿ. ಮೂವತ್ತು ಕಳಿಸಿದರೆ ಯಾರೂ ಒಂದನ್ನೂ ತೆರೆಯುವುದಿಲ್ಲ.

ಏಳನೆಯ ಹೆಜ್ಜೆ: ಹುಡುಕುವವರಿಗೆ ಸಿಗುವಂತೆ ಇರಿ

ಪ್ರವಾಸಿಗರು ಮಾರ್ಗದರ್ಶಿಯನ್ನು ಈಗ ತಾಣದ ಬಾಗಿಲಲ್ಲಿ ಹುಡುಕುವುದಕ್ಕಿಂತ ವಾರಗಳ ಮೊದಲೇ ಮನೆಯಲ್ಲಿ ಕುಳಿತು ಹುಡುಕುತ್ತಾರೆ. ನಿಮ್ಮ ಹೆಸರು, ಭಾಷೆಗಳು, ಪರವಾನಗಿಯ ವಿವರ, ವಿಷಯಗಳು, ದರ ಇಷ್ಟನ್ನು ಒಳಗೊಂಡ ಒಂದು ಸರಳ ಪುಟ ನಿಮ್ಮದೇ ಆಗಿರಲಿ. ಬುಕಿಂಗ್ ಜಾಲತಾಣಗಳು ಹೊಸ ಗಿರಾಕಿಗಳನ್ನು ತರುತ್ತವೆ, ಅದಕ್ಕೆ ಕಮಿಷನ್ ಹಿಡಿದುಕೊಳ್ಳುತ್ತವೆ. ಅವುಗಳೊಂದನ್ನೇ ನೆಚ್ಚಿಕೊಂಡರೆ ನಿಯಮ ಬದಲಾದ ದಿನ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಂಥ ಒಂದು ತಾಣದಲ್ಲಿದ್ದ ನನ್ನ ಪ್ರವಾಸದ ವಿವರದಲ್ಲಿ ನನಗೆ ತಿಳಿಯದೆಯೇ "ಎಲ್ಲ ಪ್ರವೇಶ ಶುಲ್ಕಗಳೂ ಸೇರಿವೆ" ಎಂಬ ಸಾಲು ಸೇರಿಕೊಂಡಿತ್ತು. ಒಂಬತ್ತು ಜನರ ಕುಟುಂಬವೊಂದು ಟಿಕೆಟ್ ಕಿಂಡಿಯ ಮುಂದೆ ನಿಂತು ನನ್ನತ್ತ ನೋಡಿದಾಗಲೇ ಅದು ಗೊತ್ತಾದದ್ದು. ಆ ದಿನದ ಸಂಪಾದನೆಯೆಲ್ಲ ಟಿಕೆಟ್ಟಿಗೇ ಹೋಯಿತು. ಅಂದಿನಿಂದ ತಿಂಗಳಿಗೊಮ್ಮೆ ಗಿರಾಕಿಯ ಹಾಗೆ ಹುಡುಕಿ ನನ್ನ ಪುಟಗಳನ್ನೆಲ್ಲ ಓದುತ್ತೇನೆ, ಪ್ರತಿ ಬಾರಿಯೂ ಅದರ ಪರದೆಚಿತ್ರ ಉಳಿಸಿಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ.

ಕೆಟ್ಟ ವಿಮರ್ಶೆ ಬಂದರೆ ಒಂದು ರಾತ್ರಿ ಕಳೆಯಲಿ. ಮರುದಿನ ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ: ನಡೆದದ್ದನ್ನು ಒಪ್ಪಿ, ಏನು ಸರಿಪಡಿಸಿದಿರೆಂದು ಹೇಳಿ, ಅವರ ಖಾಸಗಿ ವಿವರ ಒಂದನ್ನೂ ಎತ್ತಬೇಡಿ. ಆ ಉತ್ತರವನ್ನು ಓದುವವರು ಮುಂದೆ ಬರಲಿರುವ ಪ್ರವಾಸಿಗರು. ಗೆಳೆಯರಿಂದ ಹೊಗಳಿಕೆ ಬರೆಸುವುದು ವಂಚನೆ, ಅದರ ಹತ್ತಿರವೂ ಹೋಗಬೇಡಿ.

ಎಂಟನೆಯ ಹೆಜ್ಜೆ: ತಾಣವನ್ನು ಕಾಯಿರಿ

ಒಂದು ಚಿತ್ರ ಜಾಲತಾಣಗಳಲ್ಲಿ ಹರಿದಾಡಿದರೆ ಸಾಕು, ಮರುವಾರವೇ ಆ ಒಂದೇ ಕಿಟಕಿಯ ಮುಂದೆ ನೂರಾರು ಜನ ಸಾಲುಗಟ್ಟುತ್ತಾರೆ. ವೆನಿಸ್ ನಗರ 2024ರಲ್ಲಿ ಪ್ರವಾಸಿ ತಂಡಗಳಿಗೆ 25 ಜನರ ಮಿತಿ ಹಾಕಿ ಧ್ವನಿವರ್ಧಕಗಳನ್ನು ನಿಷೇಧಿಸಿತು. ನಿಯಮ ಬರುವವರೆಗೆ ಕಾಯದೆ ನಿಮ್ಮ ತಂಡದ ಮಿತಿಯನ್ನು ನೀವೇ ಗೊತ್ತುಮಾಡಿಕೊಳ್ಳಿ. ಆ ಕಿಟಕಿಗೆ ಜನ ಕಡಿಮೆ ಇರುವ ವೇಳೆಯಲ್ಲಿ ಹೋಗಿ, ಇಲ್ಲವೇ ಅಷ್ಟೇ ಸುಂದರವಾದ ಇನ್ನೊಂದನ್ನು ತೋರಿಸಿ. ಕಾವಲಿಲ್ಲದ ಶಿಲ್ಪ, ಹಕ್ಕಿಯ ಗೂಡು, ನಾಜೂಕಾದ ಗುಹೆ ಇಂಥವುಗಳ ನಿಖರ ಸ್ಥಳವನ್ನು ನೀವೂ ಜಾಲತಾಣಕ್ಕೆ ಹಾಕಬೇಡಿ, ಹಾಕದಂತೆ ತಂಡವನ್ನೂ ಕೇಳಿಕೊಳ್ಳಿ, ಕಾರಣವನ್ನು ಬಿಡಿಸಿ ಹೇಳಿ. ಸ್ಥಳೀಯರ ಫೋಟೊ ತೆಗೆಯುವ ಮೊದಲು ಅವರನ್ನು ಕೇಳುವುದನ್ನು ನೀವೇ ಮಾಡಿ ತೋರಿಸಿದರೆ ಉಪದೇಶ ಬೇಕಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸವಿದೆ. ಎರಡನೆಯ ಸಾಲಿನಲ್ಲಿ ನೀವು ಬರೆದಿಟ್ಟ ತಪ್ಪುಗಳನ್ನು ಆಯಾ ಜಾಗದಲ್ಲೇ ತಿದ್ದಿಸಿ. ನಕ್ಷೆಗಳಲ್ಲಿ ತಿದ್ದುಪಡಿ ಸೂಚಿಸುವ ಅವಕಾಶವಿದೆ. ವಿಕಿಪೀಡಿಯದಲ್ಲಿ ಪ್ರಕಟಿತ ಆಧಾರ ಕೊಟ್ಟು ತಿದ್ದಬಹುದು, ಆದರೆ ಸ್ವಂತ ಸಂಶೋಧನೆಯನ್ನೂ ಸ್ವಂತ ವ್ಯಾಪಾರದ ಪ್ರಚಾರವನ್ನೂ ಅಲ್ಲಿ ಸೇರಿಸುವಂತಿಲ್ಲ. ಹಾಗೆ ತಿದ್ದಿದರೆ ನಮ್ಮ ಬಂಡವಾಳ ಬಿಟ್ಟುಕೊಟ್ಟ ಹಾಗಾಗುವುದಿಲ್ಲವೇ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು. ತಪ್ಪು ಇಸವಿಯನ್ನು ತಂಡದ ಮುಂದೆ ದಿನವೂ ತಿದ್ದುವುದರಲ್ಲಿ ಕಳೆಯುವ ಸಮಯ ಉಳಿಯುತ್ತದೆ, ಆ ಸಮಯವನ್ನು ತೋರಿಸುವುದಕ್ಕೆ ಬಳಸಬಹುದು ಎಂಬುದೇ ನನ್ನ ಉತ್ತರ.

ನೀವು ಇಂದು ತೋರಿಸಿದ್ದನ್ನು ಯಾರಾದರೂ ವಿಡಿಯೊ ಮಾಡಿ ಹಾಕುತ್ತಾರೆ, ಒಂದು ವರ್ಷದೊಳಗೆ ಅದೂ ಮೊಬೈಲಿನಲ್ಲಿ ಸಿಗುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಮತ್ತೆ ಗುರುತಿನ ಚೀಟಿಯನ್ನು ಮನೆಯಲ್ಲಿಟ್ಟು, ಅದೇ ನೋಟ್‌ಬುಕ್ಕನ್ನು ಹಿಡಿದು, ಈ ಬಾರಿ ಬೇರೆ ಋತುವಿನಲ್ಲಿ, ಬೇರೆ ಹೊತ್ತಿನ ಬೆಳಕಿನಲ್ಲಿ ತಾಣವನ್ನು ಸುತ್ತಿ, ಮೂರನೆಯ ಸಾಲಿನಿಂದ ಮೊದಲನೆಯದಕ್ಕೆ ಜಾರಿಹೋದವುಗಳನ್ನು ಹೊಡೆದುಹಾಕಿ, ಹೊಸದಾಗಿ ಕಂಡವನ್ನು ಸೇರಿಸುತ್ತ ಬನ್ನಿ.